ಹೆಂಡತಿ ಪಿಎಚ್‌ಡಿಗೆ ಹೊರಟಳು, ನಾನು ಎಫ್-2 ವೀಸಾಕ್ಕೆ ಅರ್ಜಿ ಹಾಕಿದೆ

2023ರಲ್ಲಿ ನನ್ನ ಹೆಂಡತಿಗೆ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಪ್ರವೇಶ ಸಿಕ್ಕಿತು. ಅವಳು ಬೆಂಗಳೂರಿನ ಜಿಕೆವಿಕೆಯಲ್ಲಿ ಕೃಷಿ ಎಂಎಸ್ಸಿ ಮಾಡಿದವಳು. ಗೋಧಿಗೆ ಬರುವ ತುಕ್ಕು ರೋಗದ ಮೇಲೆ ಸಂಶೋಧನೆ ಮಾಡಬೇಕು ಅನ್ನೋದು ಅವಳ ಬಹಳ ದಿನದ ಆಸೆ. ಫೀಸು ಮಾಫಿ, ಪ್ರೊಫೆಸರ್ ಕೈಕೆಳಗೆ ಸಂಶೋಧನಾ ಸಹಾಯಕಿಯ ಕೆಲಸ, ಅದಕ್ಕೆ ತಿಂಗಳ ಸಂಬಳ. ಇಂಥ ಅವಕಾಶ ಮತ್ತೆ ಮತ್ತೆ ಬರೋದಿಲ್ಲ. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಯಂತ್ರದ ಬಿಡಿಭಾಗಗಳ ಡಿಸೈನ್ ಮಾಡುತ್ತಿದ್ದೆ. ಮದುವೆಯಾಗಿ ವರ್ಷ ದಾಟಿತ್ತು. ಅವಳು ಹೋಗಲೇಬೇಕು ಅನ್ನೋದರಲ್ಲಿ ನಮಗೆ ಎರಡು ಮಾತಿರಲಿಲ್ಲ. ನಾನು ಹೇಗೆ ಹೋಗೋದು, ಹೋಗಿ ಏನು ಮಾಡೋದು ಅನ್ನೋದಷ್ಟೇ ಬಗೆಹರಿದಿರಲಿಲ್ಲ.

ಓದಲು ಹೋಗುವವರ ಜೊತೆಗೆ ಹೋಗೋದು ಹೇಗೆ ಅಂತ ನನ್ನನ್ನು ಈಗ ಬಹಳ ಜನ ಕೇಳುತ್ತಾರೆ. ಎಲ್ಲರೂ ಮೊದಲು ಕೇಳೋದು ಒಂದೇ: "ಇಂಟರ್‌ವ್ಯೂನಲ್ಲಿ ಏನ್ ಕೇಳ್ತಾರೆ?" ಅದನ್ನೂ ಹೇಳುತ್ತೇನೆ. ಆದರೆ ವೀಸಾ ಕೊಡುವ ಚೆನ್ನೈನ ಅಮೆರಿಕದ ಕಾನ್ಸುಲೇಟಿನ ಕಿಟಕಿಯಲ್ಲಿ ಕೇಳುವ ಪ್ರಶ್ನೆಗಳಿಗಿಂತ ಮುಂಚೆ, ಗಂಡ ಹೆಂಡತಿ ಮನೆಯಲ್ಲಿ ಕೂತು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ನನ್ನ ಪ್ರಕಾರ ಅವೇ ಮುಖ್ಯ.

ಮೊದಲು ಮೂಲ ವಿಷಯ. ಅಮೆರಿಕದಲ್ಲಿ ಓದುವವರಿಗೆ ಸಾಮಾನ್ಯವಾಗಿ ಕೊಡೋದು ಎಫ್-1 ವೀಸಾ. ಅವರ ಗಂಡ ಅಥವಾ ಹೆಂಡತಿಗೆ, 21 ವರ್ಷದೊಳಗಿನ ಮದುವೆಯಾಗದ ಮಕ್ಕಳಿಗೆ ಎಫ್-2. ಅಪ್ಪ ಅಮ್ಮನಿಗೆ ಇದು ಸಿಗೋದಿಲ್ಲ. ನಿಶ್ಚಿತಾರ್ಥ ಮಾತ್ರ ಆಗಿದ್ದರೂ ಸಿಗೋದಿಲ್ಲ, ಮದುವೆ ಆಗಿರಲೇಬೇಕು. ಎಫ್-2ನಲ್ಲಿ ಹೋದವರು ಅಲ್ಲಿ ಕೆಲಸ ಮಾಡುವಂತಿಲ್ಲ. ಅರೆಕಾಲಿಕವೂ ಇಲ್ಲ, ವಾರಕ್ಕೆ ಎರಡು ಗಂಟೆಯದೂ ಇಲ್ಲ. ಅರ್ಜಿ ಹಾಕಿ ಅನುಮತಿ ಪಡೆಯುವ ದಾರಿಯೇ ಆ ವೀಸಾದಲ್ಲಿಲ್ಲ.

ಈ ಸಾಲನ್ನು ನಾನು ಮೊದಲ ಸಲ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಡಿಗ್ರಿ ಮುಗಿದಾಗಿನಿಂದ ಒಂದು ತಿಂಗಳೂ ಸಂಬಳವಿಲ್ಲದೆ ಇದ್ದವನಲ್ಲ ನಾನು. ಬಂಧುಗಳೂ ಸುಮ್ನಿರಲಿಲ್ಲ. ನಮ್ಮ ಚಿಕ್ಕಪ್ಪ ಊಟಕ್ಕೆ ಬಂದವರು ಕೈ ತೊಳೆಯುತ್ತಾ ಕೇಳಿಯೇಬಿಟ್ಟರು. "ಅವಳು ಓದಲಿ ಕಣೋ, ಬೇಡ ಅನ್ನಲ್ಲ. ನೀನು ಅಲ್ಲಿ ಹೋಗಿ ಮನೆ ಕಾಯ್ತೀಯಾ?" ಅಮ್ಮ ಮಾತು ಬದಲಿಸಿದರು. ನನ್ನ ಮಾವ ಅದಕ್ಕಿಂತ ಮೆತ್ತಗೆ, ಫೋನಿನಲ್ಲಿ, "ನಿಮಗೆ ತೊಂದರೆ ಆಗೋದಾದ್ರೆ ಅವಳು ಒಂದು ವರ್ಷ ತಡವಾಗಿ ಹೋಗಬಹುದಾ ಅಂತ ಕೇಳಲಾ?" ಅಂದರು. ಆ ಮಾತು ನನಗೆ ಚಿಕ್ಕಪ್ಪನ ಮಾತಿಗಿಂತ ಜಾಸ್ತಿ ನೋವು ಕೊಟ್ಟಿತು. ನನ್ನ ಸಂಬಳಕ್ಕೋಸ್ಕರ ಅವಳ ಓದು ಕಾಯಬೇಕಾ? ಗಂಡ ಓದಲು ಹೋದಾಗ ಕೆಲಸ ಬಿಟ್ಟು ಜೊತೆಗೆ ಹೋದ ಹೆಣ್ಣುಮಕ್ಕಳು ನಮ್ಮ ಬಂಧುಗಳಲ್ಲೇ ಇದ್ದಾರೆ. ಒಬ್ಬರು ಹೈಸ್ಕೂಲ್ ಮೇಡಂ ಆಗಿದ್ದವರು, ಇನ್ನೊಬ್ಬರು ಬ್ಯಾಂಕಿನಲ್ಲಿದ್ದವರು. ಅವರನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಬೇಕಿತ್ತು ಅಂತ ಈಗ ಅನಿಸುತ್ತದೆ.

ಅವಳು ಹೊರಡುವ ಮುಂಚೆ ನಾವಿಬ್ಬರೂ ಸುಮಾರು ದಿನ ತಲೆ ಕೆಡಿಸಿಕೊಂಡಿದ್ದು ಜೆ-1 ವೀಸಾದ ಬಗ್ಗೆ. ಇದು ಬಹಳ ಜನಕ್ಕೆ ಗೊತ್ತಿರೋದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಖರ್ಚಿನ ದೊಡ್ಡ ಭಾಗ ಸ್ವಂತ ದುಡ್ಡಲ್ಲದೆ ವಿಶ್ವವಿದ್ಯಾಲಯದಿಂದಲೋ ಬೇರೆ ಸಂಸ್ಥೆಯಿಂದಲೋ ಬರುತ್ತಿದ್ದರೆ, ಕೆಲವು ವಿಶ್ವವಿದ್ಯಾಲಯಗಳು ಎಫ್-1ರ ಬದಲು ಜೆ-1 ವೀಸಾಕ್ಕೆ ಬೇಕಾದ ಕಾಗದ ಕೊಡುತ್ತವೆ. ಆಗ ಗಂಡ ಅಥವಾ ಹೆಂಡತಿಗೆ ಸಿಗೋದು ಜೆ-2. ಜೆ-2ನಲ್ಲಿ ಹೋದವರು ಅಲ್ಲಿಗೆ ತಲುಪಿದ ಮೇಲೆ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು. ಒಂದೇ ಷರತ್ತು, ಆ ದುಡಿಮೆ ಓದುವವರ ಖರ್ಚು ತೂಗಿಸೋದಕ್ಕೆ ಅಂತ ಇರಬಾರದು. ಕೇಳಿದ ತಕ್ಷಣ ನನಗೆ ಜೀವ ಬಂದ ಹಾಗಾಯಿತು. ಆದರೆ ಜೆ-1ಕ್ಕೆ ಇನ್ನೊಂದು ಗಂಟು ಇತ್ತು. ಸರ್ಕಾರದ ದುಡ್ಡಿನಲ್ಲಿ ಓದಿದರೆ, ಅಥವಾ ಓದುವ ವಿಷಯ ಅಮೆರಿಕದವರು ಇಟ್ಟುಕೊಂಡಿರುವ ಕೌಶಲಗಳ ಪಟ್ಟಿಯಲ್ಲಿ ನಮ್ಮ ದೇಶದ ಹೆಸರಿನ ಮುಂದೆ ಇದ್ದರೆ, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕು. ಇಲ್ಲದಿದ್ದರೆ ಎಚ್-1ಬಿ ಅನ್ನುವ ಕೆಲಸದ ವೀಸಾಕ್ಕೋ ಅಲ್ಲೇ ಕಾಯಂ ನೆಲೆಸುವ ಗ್ರೀನ್ ಕಾರ್ಡಿಗೋ ಹೋಗುವಂತಿಲ್ಲ. 2023ರಲ್ಲಿ ಆ ಪಟ್ಟಿಯಲ್ಲಿ ಭಾರತ ಇತ್ತು.

ರಾತ್ರಿ ಊಟ ಆದ ಮೇಲೆ ಇಬ್ಬರೂ ಕಾಗದ ಪೆನ್ನು ಹಿಡಿದು ಕೂತೆವು. ಎಫ್-1 ಆದರೆ ಓದು ಮುಗಿದ ಮೇಲೆ ಅವಳು ಒಂದು ವರ್ಷ, ವಿಜ್ಞಾನದ ವಿಷಯವಾದ್ದರಿಂದ ಇನ್ನೂ ಎರಡು ವರ್ಷ, ಅಲ್ಲೇ ತನ್ನ ಕ್ಷೇತ್ರದಲ್ಲಿ ಕೆಲಸ ಮಾಡಬಹುದು. ಜೆ-1 ಆದರೆ ನನಗೆ ಈಗ ಕೆಲಸ, ಅವಳಿಗೆ ಮುಂದೆ ಕಟ್ಟುಪಾಡು. ಅವಳು "ನೀನು ಹೇಳು" ಅಂದಳು. ನಾನು ಎಫ್-1 ಅಂದೆ. ಯಾರ ಓದಿಗೋಸ್ಕರ ಹೋಗುತ್ತಿದ್ದೇವೋ ಅವರ ದಾರಿ ಮೊದಲು ಸಲೀಸಾಗಿರಲಿ ಅಂತ ನನ್ನ ಲೆಕ್ಕ. ಇವತ್ತಿಗೂ ಆ ತೀರ್ಮಾನಕ್ಕೆ ನಾನು ಬದ್ಧ. ಆದರೆ ಈಗ ಹೊರಡುವವರು ಬೇರೆ ಲೆಕ್ಕ ಹಾಕಬಹುದು. 2024ರ ಡಿಸೆಂಬರ್‌ನಲ್ಲಿ ಆ ಪಟ್ಟಿಯನ್ನು ಹೊಸದು ಮಾಡಿದಾಗ ಭಾರತವನ್ನು ಅದರಿಂದ ಕೈಬಿಟ್ಟಿದ್ದಾರೆ. ಸರ್ಕಾರದ ದುಡ್ಡಿನ ಷರತ್ತು ಮಾತ್ರ ಹಾಗೇ ಇದೆ. ಸ್ಕಾಲರ್‌ಶಿಪ್ಪಿನ ಮೇಲೆ ಪಿಎಚ್‌ಡಿಗೆ ಹೋಗುವ ಗಂಡ ಹೆಂಡತಿ, ಎಫ್-1 ಅಂತ ಬರೆದು ಕಳಿಸುವ ಮುಂಚೆ "ನನಗೆ ಜೆ-1 ಆಗುತ್ತಾ?" ಅಂತ ವಿಶ್ವವಿದ್ಯಾಲಯಕ್ಕೆ ಒಂದು ಇಮೇಲ್ ಹಾಕಲೇಬೇಕು. ಕಾಗದ ಕೈಗೆ ಬಂದ ಮೇಲೆ ಬದಲಿಸೋದು ಕಷ್ಟ.

ಅವಳು 2023ರ ಆಗಸ್ಟ್‌ನಲ್ಲಿ ಒಬ್ಬಳೇ ಹೋದಳು. ಜೊತೆಗೇ ಅರ್ಜಿ ಹಾಕಬಹುದಿತ್ತು. ಇಬ್ಬರಿಗೂ ಒಂದೇ ದಿನ ಇಂಟರ್‌ವ್ಯೂ ತೆಗೆದುಕೊಂಡು ಒಟ್ಟಿಗೆ ವಿಮಾನ ಹತ್ತುವವರು ಬಹಳ ಜನ ಇದ್ದಾರೆ. ನಾವು ಹಾಗೆ ಮಾಡಲಿಲ್ಲ. ಅಪ್ಪನಿಗೆ ಕಣ್ಣಿನ ಆಪರೇಷನ್ ಇತ್ತು. ನನ್ನ ಕಾಗದಪತ್ರಗಳೂ ಸರಿಯಾಗಿರಲಿಲ್ಲ.

ಸರಿಯಾಗಿರಲಿಲ್ಲ ಅಂದರೆ ಹೆಸರು. ನಮ್ಮ ಕಡೆ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ನನ್ನ ಹಳೆಯ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಒಂದೇ ಇತ್ತು, ಸರ್‌ನೇಮ್ ಜಾಗ ಖಾಲಿ. ಅಂಥ ಪಾಸ್‌ಪೋರ್ಟ್ ಇಟ್ಟುಕೊಂಡು ಅರ್ಜಿ ತುಂಬಿದರೆ, ನಮ್ಮ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅನ್ನುವ ಮೂರು ಅಕ್ಷರ ಹಾಕಬೇಕು. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ವೀಸಾದ ಮೇಲೂ ಹಾಗೇ ಬರುತ್ತದೆ. ಆಮೇಲೆ ಅಲ್ಲಿನ ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್, ಆಸ್ಪತ್ರೆ, ಎಲ್ಲ ಕಡೆ ಅದೇ ಹಿಂದೆ ಬರುತ್ತದೆ. ನನ್ನ ಗೆಳೆಯನೊಬ್ಬನನ್ನು ಅಲ್ಲಿನ ಕ್ಲಿನಿಕ್ಕಿನಲ್ಲಿ ಆ ಮೂರು ಅಕ್ಷರ ಹಿಡಿದೇ ಕೂಗುತ್ತಾರಂತೆ. ನನಗೆ ಅದು ಬೇಡವಾಗಿತ್ತು. ಹಾಗಾಗಿ ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿಕೊಂಡು ಪಾಸ್‌ಪೋರ್ಟನ್ನು ಹೊಸದಾಗಿ ಮಾಡಿಸಿದೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1,500 ರೂಪಾಯಿ. ಅದಕ್ಕೂ ಮುಂಚೆ ಆಧಾರ್‌ನಲ್ಲಿ ಹೆಸರು ಸರಿಮಾಡಿಸಿದ್ದೆ.

ಪಾಸ್‌ಪೋರ್ಟ್ ಕೈಗೆ ಬಂದ ಮೇಲೇ ಮದುವೆ ನೋಂದಣಿಗೆ ಹೋದದ್ದು. ಹೆಂಡತಿ ಹೊರಡುವ ಮುಂಚೆ ಮುಗಿಸಬೇಕಿತ್ತು, ಇಬ್ಬರೂ ಎದುರಿಗಿದ್ದು ಸಹಿ ಹಾಕಬೇಕಲ್ಲ. ಛತ್ರದ ರಸೀದಿ, ಲಗ್ನಪತ್ರಿಕೆ, ಧಾರೆಯ ಫೋಟೋ ಎಲ್ಲ ಇದ್ದರೂ ವೀಸಾಕ್ಕೆ ನೆಚ್ಚಿಕೊಳ್ಳಬೇಕಾದ್ದು ನೋಂದಣಿ ಪತ್ರವನ್ನು. 1955ರ ಹಿಂದೂ ವಿವಾಹ ಕಾಯ್ದೆಯ ಕೆಳಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿದೆವು. ಮೂರು ಜನ ಸಾಕ್ಷಿ. ಅತ್ತೆ, ಮಾವ, ನನ್ನ ಅಕ್ಕನ ಗಂಡ. ಟೈಪ್ ಮಾಡುವ ಹುಡುಗ ರೂಢಿಯ ಪ್ರಕಾರ ಇನಿಷಿಯಲ್ ಹಾಕಿ ಹೆಸರು ಹೊಡೆದಿದ್ದ. "ಎಲ್ಲರಿಗೂ ಹೀಗೇ ಹಾಕೋದು ಸರ್" ಅಂದ. ನಾನು ಪಾಸ್‌ಪೋರ್ಟ್ ತೆಗೆದು, ಅವನ ಪಕ್ಕದಲ್ಲಿ ನಿಂತು, ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳಿ ಬರೆಸಿದೆ. ಹೆಂಡತಿಯ ಹೆಸರಿನಲ್ಲಿ "ತ"ಕ್ಕೆ ಟಿ ಸಾಕೋ ಟಿಎಚ್ ಬೇಕೋ ಅನ್ನೋದನ್ನೂ ಅವಳ ಪಾಸ್‌ಪೋರ್ಟ್ ನೋಡಿಯೇ ಹಾಕಿಸಿದ್ದು. ಹಿಂದೆ ನಿಂತವರು ಗೊಣಗುತ್ತಿದ್ದರು. ಆ ಹತ್ತು ನಿಮಿಷ ಬಹಳ ಉಪಕಾರ ಮಾಡಿತು. ಮುಂದೆ ಎಲ್ಲ ಕಾಗದದಲ್ಲೂ ನಮ್ಮಿಬ್ಬರ ಹೆಸರು ಒಂದೇ ಥರ ಇತ್ತು. ಹೆಂಡತಿ ತನ್ನ ಹೆಸರು ಬದಲಿಸಲಿಲ್ಲ, ಬದಲಿಸುವ ಅಗತ್ಯವೂ ಇಲ್ಲ. ಗಂಡನ ಹೆಸರು ಸೇರಿಸದಿದ್ದರೆ ವೀಸಾ ಸಿಗಲ್ಲ ಅಂತ ಈಗಲೂ ಕೆಲವರು ಹೆದರಿಸುತ್ತಾರೆ. ಅದು ಸುಳ್ಳು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಓದುವವರು ತಮ್ಮ ಎಫ್-1 ಅರ್ಜಿಯಲ್ಲಿ "ಮದುವೆಯಾಗಿದೆ" ಅಂತಲೇ ಬರೆದಿರಬೇಕು. ಮದುವೆ ವಿಷಯ ಹೇಳಿದರೆ ವೀಸಾ ಕೊಡಲ್ಲವೇನೋ ಅಂತ ಮುಚ್ಚಿಟ್ಟವರ ಗಂಡ ಹೆಂಡತಿಗೆ ಆಮೇಲೆ ಎಫ್-2 ಕೇಳುವಾಗ ದೊಡ್ಡ ತಲೆನೋವು. ಹಳೆಯ ಅರ್ಜಿ ಅವರ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ.

2024ರ ಶುರುವಿನಲ್ಲಿ ನನ್ನ ಸರದಿ. ಮೊದಲು ಬೇಕಾದ್ದು ನನ್ನ ಹೆಸರಿನ ಐ-20, ಅಂದರೆ ವೀಸಾ ಕೇಳಲು ವಿಶ್ವವಿದ್ಯಾಲಯ ಕೊಡುವ ಕಾಗದ. ಓದುವವರ ಐ-20 ಬೇರೆ, ಜೊತೆಗೆ ಹೋಗುವವರದ್ದು ಬೇರೆ. ಹೆಂಡತಿ ಅಲ್ಲಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ನನ್ನ ಪಾಸ್‌ಪೋರ್ಟಿನ ಪ್ರತಿ, ಮದುವೆ ಪತ್ರ, ದುಡ್ಡಿನ ದಾಖಲೆ ಕೊಟ್ಟಳು. ದುಡ್ಡಿನದೇ ಸ್ವಲ್ಪ ಕಿರಿಕಿರಿ. ಜೊತೆಗೆ ಒಬ್ಬರು ಬಂದರೆ ವರ್ಷಕ್ಕೆ ಇಷ್ಟು ಡಾಲರ್ ಹೆಚ್ಚಿಗೆ ತೋರಿಸಬೇಕು ಅಂತ ಪ್ರತಿ ವಿಶ್ವವಿದ್ಯಾಲಯಕ್ಕೂ ಒಂದು ಲೆಕ್ಕ ಇರುತ್ತದೆ. ಅವಳ ಸಂಬಳ ಒಬ್ಬರಿಗೆ ಸಾಕಾಗುವಷ್ಟಿತ್ತು, ಇಬ್ಬರಿಗೆ ಸಾಲುತ್ತಿರಲಿಲ್ಲ. ಉಳಿದದ್ದಕ್ಕೆ ನನ್ನ ಉಳಿತಾಯ ಖಾತೆ, ಎಫ್‌ಡಿ ತೋರಿಸಿದೆ. ಬ್ಯಾಂಕಿನಿಂದ ಡಾಲರ್ ಲೆಕ್ಕದಲ್ಲೂ ಮೊತ್ತ ಬರೆದ ಒಂದು ಪತ್ರ ತೆಗೆದುಕೊಂಡೆ. ಐ-20 ಇಮೇಲ್‌ನಲ್ಲೇ ಬಂತು. ಅದರಲ್ಲಿ ನನಗೇ ಬೇರೆ ಸೆವಿಸ್ ನಂಬರ್. ಸೆವಿಸ್ ಅಂದರೆ ವಿದೇಶಿ ವಿದ್ಯಾರ್ಥಿಗಳ ಮಾಹಿತಿ ಇಡುವ ಅಮೆರಿಕ ಸರ್ಕಾರದ ಕಂಪ್ಯೂಟರ್ ದಾಖಲೆ. ಎಫ್-1ನವರು ಕಟ್ಟುವ 350 ಡಾಲರಿನ ಸೆವಿಸ್ ಫೀಸು ಎಫ್-2ನವರಿಗೆ ಇಲ್ಲ. ಏಜೆಂಟ್ ಒಬ್ಬರು ನನ್ನ ಹತ್ತಿರ ಅದಕ್ಕೂ ದುಡ್ಡು ಕೇಳಿದ್ದರು. ಅಲ್ಲಿಗೇ ಅವರ ಸಹವಾಸ ಬಿಟ್ಟು ಅರ್ಜಿಯನ್ನು ನಾನೇ ತುಂಬಿದೆ.

ಡಿಎಸ್-160 ಅನ್ನುವ ಆ ಅರ್ಜಿ ಉದ್ದ ಇದೆ ಅಷ್ಟೇ, ಕಷ್ಟ ಇಲ್ಲ. ಓದಿದ ಶಾಲೆ, ಮಾಡಿದ ಕೆಲಸ, ಐದು ವರ್ಷದಲ್ಲಿ ಹೋಗಿಬಂದ ದೇಶಗಳು, ಐದು ವರ್ಷದಲ್ಲಿ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳು. ಮಧ್ಯದಲ್ಲಿ ಬಿಟ್ಟು ಎದ್ದರೆ ಅದೇ ಮುಚ್ಚಿಕೊಂಡುಬಿಡುತ್ತದೆ, ಆಗಾಗ ಸೇವ್ ಮಾಡಬೇಕು. ಫೀಸು 185 ಡಾಲರ್, ರೂಪಾಯಿಯಲ್ಲಿ ಕಟ್ಟಬಹುದು. ಈಗ ಹೋಗುವವರಿಗೆ ಒಂದು ಹೊಸ ವಿಷಯ ಇದೆ. 2025ರ ಜೂನ್‌ನಿಂದ ಎಫ್, ಜೆ ಮತ್ತು ವೃತ್ತಿ ಶಿಕ್ಷಣದ ಎಂ ವೀಸಾ ಕೇಳುವ ಎಲ್ಲರೂ ತಮ್ಮ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಥರದ ಖಾತೆಗಳನ್ನು ಎಲ್ಲರಿಗೂ ಕಾಣುವ ಹಾಗೆ ತೆರೆದಿಡಬೇಕು ಅಂತ ಹೇಳಿದ್ದಾರೆ. ಎಫ್-2ನವರೂ ಇದರಲ್ಲಿ ಬರುತ್ತಾರೆ. ಯಾವ ಖಾತೆಯನ್ನೂ ಅರ್ಜಿಯಲ್ಲಿ ಮುಚ್ಚಿಡಬೇಡಿ.

ಚೆನ್ನೈಗೆ ಮೈಸೂರಿನಿಂದ ಕಾವೇರಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಹೋದೆ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆದದ್ದು 2025ರ ಜನವರಿಯಲ್ಲಿ, ಅದೂ ವೀಸಾ ಕೆಲಸವಿಲ್ಲದೆ ಶುರುವಾಯಿತು. ನಮ್ಮ ಕಾಲಕ್ಕೆ ಕರ್ನಾಟಕದವರಿಗೆ ಹತ್ತಿರ ಅಂದರೆ ಚೆನ್ನೈ. ಮೊದಲು ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಮತ್ತು ಫೋಟೋ, ಆಮೇಲೆ ಇನ್ನೊಂದು ದಿನ ಕಾನ್ಸುಲೇಟಿನಲ್ಲಿ ಇಂಟರ್‌ವ್ಯೂ. ಕಾನ್ಸುಲೇಟ್ ಇರೋದು ಅಣ್ಣಾ ಸಾಲೈನಲ್ಲಿ, ಜೆಮಿನಿ ಮೇಲ್ಸೇತುವೆ ಪಕ್ಕ. ಒಳಗೆ ಫೋನ್ ಬಿಡೋದಿಲ್ಲ, ಬ್ಯಾಗ್ ಬಿಡೋದಿಲ್ಲ. ರೂಮಿನಲ್ಲೇ ಎಲ್ಲ ಇಟ್ಟು, ಒಂದು ಪ್ಲಾಸ್ಟಿಕ್ ಫೋಲ್ಡರ್ ಹಿಡಿದು ಹೋಗೋದು ಒಳ್ಳೇದು.

ಕ್ಯೂನಲ್ಲಿ ನನ್ನ ಮುಂದೆ ದಾವಣಗೆರೆ ಕಡೆಯ ಒಬ್ಬ ಹುಡುಗಿ ಇದ್ದಳು. ಮದುವೆಯಾಗಿ ಸ್ವಲ್ಪ ದಿನ ಆಗಿತ್ತಷ್ಟೆ, ಗಂಡ ಟೆಕ್ಸಾಸ್‌ನಲ್ಲಿ ಎಂಎಸ್ ಓದುತ್ತಿದ್ದಾನೆ. ಎರಡೂ ಕೈಯಲ್ಲಿ ಮದುವೆ ಆಲ್ಬಂ ತಬ್ಬಿಕೊಂಡಿದ್ದಳು. ಕನ್ನಡ ಕೇಳಿದ್ದೇ ತಡ, "ಅಣ್ಣಾ, ಆಲ್ಬಂ ಪೂರ್ತಿ ನೋಡ್ತಾರಾ?" ಅಂದಳು. "ಗೊತ್ತಿಲ್ಲಮ್ಮ, ನಾನು ನಾಲ್ಕೇ ಫೋಟೋ ತಂದಿದೀನಿ" ಅಂದೆ. ಅವಳ ಮುಖದಲ್ಲಿ ಬಣ್ಣವೇ ಇರಲಿಲ್ಲ. ಯಾರೋ ಅವಳಿಗೆ ಮೂವತ್ತು ಪ್ರಶ್ನೆ ಉತ್ತರ ಬರೆದುಕೊಟ್ಟಿದ್ದರು, ಅದನ್ನು ಬಾಯಿಪಾಠ ಮಾಡಿದ್ದಳು. ಗಂಡನ ಕೋರ್ಸಿನ ಹೆಸರನ್ನು ಒಂದೇ ಉಸಿರಿಗೆ ಹೇಳುತ್ತಿದ್ದಳು. ಆ ಕೋರ್ಸಿನಲ್ಲಿ ಏನು ಕಲಿಸುತ್ತಾರೆ ಅಂದರೆ ಸುಮ್ಮನಾದಳು. "ನಿಮ್ಮ ಯಜಮಾನರು ದಿನಾ ಫೋನಿನಲ್ಲಿ ಕಾಲೇಜಿನ ಬಗ್ಗೆ ಏನ್ ಹೇಳ್ತಾರೆ?" ಅಂತ ಕೇಳಿದೆ. ಆಗ ಶುರುವಾಯಿತು ನೋಡಿ. ಲ್ಯಾಬಿನಲ್ಲಿ ರಾತ್ರಿ ಎಷ್ಟು ಹೊತ್ತಿರುತ್ತಾನೆ, ಯಾವ ಪ್ರೊಫೆಸರ್ ಕಂಡರೆ ಭಯ, ರೂಮಿನಲ್ಲಿ ಯಾರ ಜೊತೆ ಅಡುಗೆ ಮಾಡುತ್ತಾನೆ, ಎಲ್ಲ ಹೇಳಿದಳು. "ಕೇಳಿದ್ರೆ ಇದನ್ನೇ ಹೇಳಮ್ಮ, ಬರೆದುಕೊಟ್ಟಿದ್ದು ಬೇಡ" ಅಂದೆ. ಅವಳಿಗೆ ವೀಸಾ ಸಿಕ್ಕಿತು. ಆಲ್ಬಂ ತೆರೆಯಲೇ ಇಲ್ಲವಂತೆ.

ನನ್ನ ಕಿಟಕಿಯಲ್ಲಿ ಮಧ್ಯವಯಸ್ಸಿನ ಮಹಿಳಾ ಅಧಿಕಾರಿ ಇದ್ದರು. ಪಾಸ್‌ಪೋರ್ಟ್, ನನ್ನ ಐ-20 ಕೇಳಿದರು. ಯಾಕೆ ಹೋಗುತ್ತಿದ್ದೀರಿ ಅಂದರು. ಹೆಂಡತಿ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ, ಅವಳ ಜೊತೆ ಇರಲು ಅಂದೆ. ಯಾವ ವಿಷಯದಲ್ಲಿ? ಗೋಧಿಯ ತುಕ್ಕು ರೋಗದ ಬಗ್ಗೆ ಹೇಳಿದೆ. ಎಲೆಯ ಮೇಲೆ ಕಬ್ಬಿಣದ ತುಕ್ಕಿನ ಬಣ್ಣದ ಪುಡಿ ಏಳುತ್ತದೆ, ಅದು ಗಾಳಿಯಲ್ಲಿ ಬಹಳ ದೂರ ಹೋಗುತ್ತದೆ, ಯಾವ ತಳಿಗೆ ಅದನ್ನು ತಡೆಯುವ ಶಕ್ತಿ ಇದೆ ಅಂತ ಅವಳು ಹುಡುಕುತ್ತಿದ್ದಾಳೆ. ಇದನ್ನು ನಾನು ಕಲಿತು ಹೋಗಿರಲಿಲ್ಲ. ಎಷ್ಟೋ ರಾತ್ರಿ ಊಟದ ಹೊತ್ತಿನಲ್ಲಿ ಅವಳ ಬಾಯಲ್ಲಿ ಕೇಳಿದ್ದು. ಅಧಿಕಾರಿ ಟೈಪ್ ಮಾಡೋದು ನಿಲ್ಲಿಸಿ ಕೇಳಿದರು. ಮದುವೆ ಯಾವಾಗ ಆಯಿತು, ಪರಿಚಯ ಹೇಗೆ? ಮನೆಯವರು ನೋಡಿ ಮಾಡಿದ ಮದುವೆ ಅಂದೆ. ಅದು ತಪ್ಪೇನಲ್ಲ, ಮರೆಮಾಚಬೇಕಾಗಿಲ್ಲ. ನಮ್ಮಲ್ಲಿ ಮದುವೆ ಹೇಗೆ ಆಗುತ್ತದೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಖರ್ಚು ಯಾರು ನೋಡಿಕೊಳ್ಳುತ್ತಾರೆ ಅಂದರು. ಅವಳ ಸಂಬಳ, ನನ್ನ ಉಳಿತಾಯ ಎರಡನ್ನೂ ಹೇಳಿದೆ.

ಆಮೇಲೆ ನನ್ನ ಕೆಲಸದ ಬಗ್ಗೆ ಕೇಳಿ, "ಅಲ್ಲಿ ನೀವು ಕೆಲಸ ಮಾಡುವಂತಿಲ್ಲ, ಗೊತ್ತಾ? ಹಾಗಾದರೆ ಏನು ಮಾಡುತ್ತೀರಿ?" ಅಂದರು. ಚಿಕ್ಕಪ್ಪ ಕೇಳಿದ್ದೂ ಇದನ್ನೇ, ಆದರೆ ಇವರ ದನಿಯಲ್ಲಿ ಚುಚ್ಚು ಇರಲಿಲ್ಲ. ನನ್ನ ಹತ್ತಿರ ಉತ್ತರ ಇತ್ತು. ನಾವಿಬ್ಬರೂ ಅದನ್ನು ಮಾತಾಡಿ ತೀರ್ಮಾನ ಮಾಡಿ ಆಗಿತ್ತು. ಗೊತ್ತು ಅಂದೆ. ಮನೆ ನಾನು ನೋಡಿಕೊಳ್ಳುತ್ತೇನೆ, ಹತ್ತಿರದ ಕಾಲೇಜಿನಲ್ಲಿ ಅರೆಕಾಲಿಕವಾಗಿ ಒಂದೆರಡು ಕೋರ್ಸ್ ಮಾಡುವ ಯೋಚನೆ ಇದೆ, ಎಫ್-2ನವರಿಗೆ ಅದಕ್ಕೆ ಅವಕಾಶ ಇದೆ ಅಂದೆ. ಅವರು ತಲೆಯಾಡಿಸಿ ಪಾಸ್‌ಪೋರ್ಟನ್ನು ತಮ್ಮ ಕಡೆ ಇಟ್ಟುಕೊಂಡರು. ಎಫ್‌ಡಿ ರಸೀದಿ, ಚಾರ್ಟರ್ಡ್ ಅಕೌಂಟೆಂಟ್ ಬರೆದುಕೊಟ್ಟ ಆಸ್ತಿ ಪಟ್ಟಿ, ಫೋಟೋ, ಯಾವುದನ್ನೂ ಕೇಳಲಿಲ್ಲ. ಹಾಗಂತ ತೆಗೆದುಕೊಂಡು ಹೋಗದೇ ಇರಬೇಡಿ. ಪಕ್ಕದ ಕಿಟಕಿಯಲ್ಲಿ ಒಬ್ಬರಿಗೆ ಅದನ್ನೆಲ್ಲ ಕೇಳಿದರು.

ನಿರಾಕರಣೆ ಸಾಮಾನ್ಯವಾಗಿ ಎರಡು ಥರ ಬರುತ್ತದೆ. 221(ಜಿ) ಅಂತ ಚೀಟಿ ಕೊಟ್ಟರೆ ಇನ್ನೂ ಕಾಗದ ಬೇಕು ಅಥವಾ ಇನ್ನೂ ಪರಿಶೀಲನೆ ಇದೆ ಅಂತ ಅರ್ಥ, ಅಳಬೇಕಾದ್ದಿಲ್ಲ, ಕಾಯಬೇಕು. 214(ಬಿ) ಅಂದರೆ ನೀವು ವಾಪಸ್ ಬರುತ್ತೀರಿ ಅಂತ ಅವರಿಗೆ ನಂಬಿಕೆ ಬರಲಿಲ್ಲ ಅಂತ. ಅದಕ್ಕೆ ಮೇಲ್ಮನವಿ ಇಲ್ಲ, ಹೊಸದಾಗಿ ಫೀಸು ಕಟ್ಟಿ ಮತ್ತೆ ಅರ್ಜಿ ಹಾಕಬೇಕು. ಯಾವುದೇ ಆದರೂ ಎಫ್-2ನವರ ಹಣೆಬರಹ ಎಫ್-1ನವರ ಓದಿಗೆ ಅಂಟಿಕೊಂಡಿರುತ್ತದೆ. ಅವರ ದಾಖಲಾತಿ ಪತ್ರ, ಅಂಕಪಟ್ಟಿ, ಐ-20, ವೀಸಾ, ಪಾಸ್‌ಪೋರ್ಟ್ ಪ್ರತಿ ನಿಮ್ಮ ಫೋಲ್ಡರಿನಲ್ಲಿ ಮೇಲೇ ಇರಲಿ.

ಕೆಲಸ ಬಿಡುವ ಮಾತು ಬಂದಾಗ ನಮ್ಮ ಮ್ಯಾನೇಜರ್ ಒಳ್ಳೆ ಮನಸ್ಸಿನಿಂದಲೇ, "ಅಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ ಮಾಡಿ, ಸಂಬಳ ಇಲ್ಲಿನ ಖಾತೆಗೆ ಹಾಕ್ತೀವಿ" ಅಂದರು. ಬಹಳ ಜನ ಹೀಗೆ ಮಾಡುತ್ತಾರೆ ಅಂತಲೂ ಕೇಳಿದ್ದೆ. ವಿಶ್ವವಿದ್ಯಾಲಯದ ಕಚೇರಿಯವರನ್ನು ಕೇಳಿದರೆ ವಲಸೆ ವಕೀಲರನ್ನು ಕೇಳಿ ಅಂದರು. ವಕೀಲರು ಬೇಡ ಅಂದರು. ಅಮೆರಿಕದ ನೆಲದ ಮೇಲೆ ಕೂತು ಮಾಡಿದ ಕೆಲಸ, ಸಂಬಳ ಎಲ್ಲಿಗೇ ಬರಲಿ, ಕೆಲಸ ಅಂತಲೇ ಲೆಕ್ಕ ಆಗಬಹುದು. ನಾಳೆ ಅವಳು ಬೇರೆ ವೀಸಾಕ್ಕೆ ಹೋದಾಗ ನನ್ನ ಕಡತದಲ್ಲಿ ಇದೊಂದು ಕಪ್ಪುಚುಕ್ಕೆ ಆದರೆ? ರಾಜೀನಾಮೆ ಕೊಟ್ಟೆ. ಸಂಕಟ ಆಯಿತು. ಆ ಸಂಕಟವನ್ನು ಹೆಂಡತಿಗೆ ಮುಚ್ಚಿಡದೆ ಹೇಳಿದೆ. ಅವಳು ಫೋನಿನಲ್ಲಿ ಅತ್ತಳು.

ಶಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ವಲಸೆ ಅಧಿಕಾರಿ ಎರಡೇ ಪ್ರಶ್ನೆ ಕೇಳಿ ಒಳಗೆ ಬಿಟ್ಟರು. ಐ-20 ಕೈಚೀಲದಲ್ಲಿರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಹಾಕಬಾರದು. ಮನೆಗೆ ಹೋದ ಮೇಲೆ ಐ-94 ಅನ್ನುವ, ದೇಶದೊಳಗೆ ಬಂದದ್ದರ ದಾಖಲೆಯನ್ನು ಅಂತರ್ಜಾಲದಿಂದ ಇಳಿಸಿಕೊಂಡು, ಎಫ್-2 ಅಂತಲೇ ಬರೆದಿದೆಯಾ ನೋಡಿದೆ. ಬಂದ ದಿನವೇ ನೋಡಿಕೊಂಡರೆ ತಪ್ಪು ಸರಿಮಾಡಿಸೋದು ಸುಲಭ. ಅದರಲ್ಲಿ ವಾಪಸ್ ಹೋಗಬೇಕಾದ ತಾರೀಖಿನ ಜಾಗದಲ್ಲಿ ಡಿ/ಎಸ್ ಅಂತ ಇತ್ತು. ಅವಳ ಓದು ನೆಟ್ಟಗೆ ನಡೆಯುವಷ್ಟು ಕಾಲ ನಾನೂ ಇರಬಹುದು ಅಂತ.

ಬಂದ ಮೇಲೆ ಮೊದಲ ಕೆಲವು ತಿಂಗಳು ಕಷ್ಟ ಇತ್ತು. ಅಲ್ಲಿ ಎಲ್ಲ ಕಡೆ ಕೇಳುವ, ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ನಂಬರ್ ಎಫ್-2ನವರಿಗೆ ಸಿಗೋದಿಲ್ಲ. ಮೊಬೈಲ್, ಬಾಡಿಗೆ ಮನೆ, ಎಲ್ಲ ಅವಳ ಹೆಸರಿನಲ್ಲಿ. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆದೆವು. ಡ್ರೈವಿಂಗ್ ಲೈಸೆನ್ಸಿಗೆ ಹೋದಾಗ, ಆ ನಂಬರ್ ನನಗೆ ಕೊಡಲು ಬರೋದಿಲ್ಲ ಅಂತ ಸೋಶಿಯಲ್ ಸೆಕ್ಯುರಿಟಿ ಕಚೇರಿಯಿಂದಲೇ ಒಂದು ಪತ್ರ ತರಿಸಿದರು. ಆರೋಗ್ಯ ವಿಮೆ ಅವಳಿಗೆ ವಿಶ್ವವಿದ್ಯಾಲಯದ್ದು, ನನಗೆ ಬೇರೆ ಕೊಳ್ಳಬೇಕಾಯಿತು, ಅದು ನಾವು ಅಂದುಕೊಂಡದ್ದಕ್ಕಿಂತ ದುಬಾರಿ. ತಿಂಗಳ ಖರ್ಚಿನ ಲೆಕ್ಕ ಹಾಕುವಾಗ ವಿಮೆಯನ್ನು ಬಾಡಿಗೆಯ ಪಕ್ಕದಲ್ಲೇ ಬರೆದುಕೊಳ್ಳಿ.

ಓದಿನ ವಿಷಯದಲ್ಲಿ 2015ರ ನಿಯಮವೊಂದು ನಮ್ಮಂಥವರಿಗೆ ದೊಡ್ಡ ಉಪಕಾರ ಮಾಡಿದೆ. ಅದಕ್ಕೂ ಮುಂಚೆ ಎಫ್-2ನವರು ಹವ್ಯಾಸಕ್ಕೆ ಅಂತ ಏನಾದರೂ ಕಲಿಯಬಹುದಿತ್ತು ಅಷ್ಟೆ. ಈಗ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಸರ್ಕಾರದ ಎಸ್‌ಇವಿಪಿ ಮಾನ್ಯತೆ ಇರುವ ಕಾಲೇಜಿನಲ್ಲಿ ಪೂರ್ಣಕಾಲಿಕವಲ್ಲದ ಯಾವ ಕೋರ್ಸನ್ನಾದರೂ ತೆಗೆದುಕೊಳ್ಳಬಹುದು. ಡಿಗ್ರಿಗೆ ಅಂತ ಪೂರ್ತಿ ಓದಬೇಕಾದರೆ ಮಾತ್ರ ಎಫ್-1ಗೆ ಬದಲಿಸಿಕೊಳ್ಳಬೇಕು. ನಾನು ಇಲ್ಲಿ ನಾವಿರುವ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರಿನಿಂದ ನಡೆಯುವ ಯಂತ್ರಗಳ ಪ್ರೋಗ್ರಾಮಿಂಗ್ ಸೇರಿದೆ. ಮೈಸೂರಿನಲ್ಲಿ ನಾನು ಬರೆದ ಡ್ರಾಯಿಂಗುಗಳನ್ನು ಯಾರೋ ಬೇರೆಯವರು ಯಂತ್ರಕ್ಕೆ ಹಾಕುತ್ತಿದ್ದರು. ಈಗ ಯಂತ್ರದ ಮುಂದೆ ನಾನೇ ನಿಂತೆ. ಮೊದಲ ದಿನ ಅಲ್ಯುಮಿನಿಯಂ ತುಂಡಿನಲ್ಲಿ ಒಂದು ತೂತು ಸರಿಯಾದ ಅಳತೆಗೆ ಬಂದಾಗ ಆದ ಖುಷಿ ಹೇಳಲಾರೆ. ವಾರಕ್ಕೊಂದು ದಿನ ಊರಿನ ಗ್ರಂಥಾಲಯದಲ್ಲಿ ಸಂಬಳವಿಲ್ಲದ ಸ್ವಯಂಸೇವೆ. ಅಲ್ಲೂ ಒಂದು ಎಚ್ಚರ ಬೇಕು: ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆ ಮಾಡಿದರೂ ಅದು ಸ್ವಯಂಸೇವೆ ಆಗೋದಿಲ್ಲ.

ಇಲ್ಲಿನ ಕನ್ನಡದವರ ಮನೆಗಳಲ್ಲಿ ಎಫ್-2ನಲ್ಲಿ ಬಂದ ಹೆಣ್ಣುಮಕ್ಕಳು ಬಹಳ ಜನ ಸಿಕ್ಕಿದರು. ಒಬ್ಬರು ದಂತವೈದ್ಯೆ, ಒಬ್ಬರು ಸಾಫ್ಟ್‌ವೇರಿನವರು. ಬರುವ ಮುಂಚೆ ಕೆಲಸ ಮಾಡುವಂತಿಲ್ಲ ಅಂತ ಗೊತ್ತಿತ್ತಾ ಅಂತ ಒಬ್ಬರನ್ನು ಕೇಳಿದೆ. "ಅರ್ಜಿ ತುಂಬಿದ್ದು ಅವರೇ, ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯ್ತು" ಅಂದರು. ನನಗೆ ಸಿಟ್ಟು ಬಂತು. ಮನೆಯಲ್ಲಿ ಯಾರೂ ಇಲ್ಲದ ಹಗಲು, ಹೊರಗೆ ಹಿಮ, ಕೈಯಲ್ಲಿ ಸ್ವಂತದ್ದು ಅನ್ನುವ ಒಂದು ಡಾಲರ್ ಇಲ್ಲ. ಇದನ್ನು ಗೊತ್ತಿದ್ದು ಒಪ್ಪಿಕೊಂಡು ಬರೋದೇ ಬೇರೆ, ಬಂದ ಮೇಲೆ ತಿಳಿಯೋದೇ ಬೇರೆ. ಮಗಳಿಗೆ ಅಮೆರಿಕದಲ್ಲಿ ಓದುವ ಹುಡುಗನನ್ನು ನೋಡುವ ಅಪ್ಪ ಅಮ್ಮ, ಹುಡುಗನದು ಯಾವ ವೀಸಾ, ಮಗಳಿಗೆ ಯಾವುದು ಸಿಗುತ್ತದೆ, ಅದರಲ್ಲಿ ಅವಳು ದುಡಿಯಬಹುದಾ ಅಂತ ಜಾತಕ ನೋಡುವ ದಿನವೇ ಕೇಳಬೇಕು.

ಮೊನ್ನೆ ನನ್ನ ಅಕ್ಕನ ಮೈದುನ ಫೋನ್ ಮಾಡಿದ್ದ. ಅವನ ಹೆಂಡತಿಗೂ ಇಲ್ಲೇ ಪಿಎಚ್‌ಡಿ ಸಿಕ್ಕಿದೆ. "ಒಟ್ಟಿಗೇ ಹೋಗೋದಾ, ಆಮೇಲೆ ಹೋಗೋದಾ?" ಅಂದ. ಮಗು ಇದ್ದರೆ ಒಟ್ಟಿಗೆ ಹೋಗಿ, ಇಲ್ಲದಿದ್ದರೆ ಅವಳು ಒಂದು ಸೆಮಿಸ್ಟರ್ ನೆಲೆ ನಿಲ್ಲಲಿ, ಆಗ ಅವಳ ಅಂಕಪಟ್ಟಿ, ಸಂಬಳದ ಚೀಟಿ ಎಲ್ಲ ನಿನ್ನ ಅರ್ಜಿಗೆ ಬಲ ಕೊಡುತ್ತೆ ಅಂದೆ. ಅವಳಿಗಿಂತ ಮುಂಚೆ ಮಾತ್ರ ನೀನು ಹೋಗುವ ಹಾಗಿಲ್ಲ ಅಂತಲೂ ಹೇಳಿದೆ. ಆಮೇಲೆ ಜೆ-1 ಬಗ್ಗೆ ಕೇಳಿದೆ. ಅವರು ಇನ್ನೂ ವಿಶ್ವವಿದ್ಯಾಲಯಕ್ಕೆ ಬರೆದಿರಲಿಲ್ಲ. ಫೋನ್ ಇಡುವ ಮುಂಚೆ ಆ ಇಮೇಲನ್ನು ನಾವಿಬ್ಬರೂ ಸೇರಿ ಬರೆದೆವು.